ಕೈ ಬಿಟ್ಟ ಮೇಲೂ ತೂಗುವ ತೊಟ್ಟಿಲು

ನಮ್ಮ ಅಜ್ಜಿಯ ಕಾಲದ ಕಲಘಟಗಿ ತೊಟ್ಟಿಲು ಕಳೆದ ತಿಂಗಳು ಗದಗಿನಿಂದ ಧಾರವಾಡಕ್ಕೆ ಬಂತು. ಹಳೇ ಕೌದಿಯಲ್ಲಿ ಸುತ್ತಿ, ಗೂಡ್ಸ್ ಟೆಂಪೋದಲ್ಲಿ ಮಲಗಿಸಿ ತಂದಿದ್ದರು. ನನ್ನ ಅಕ್ಕನ ಮಗಳಿಗೆ ಹೆಣ್ಣು ಮಗು ಹುಟ್ಟಿತ್ತು. ಬಿಚ್ಚಿ ನೋಡಿದರೆ ಅರಗಿನ ಬಣ್ಣ ಇನ್ನೂ ಹೊಳೆಯುತ್ತಿದೆ. ಚಿತ್ರದ ಕೃಷ್ಣನ ಒಂದು ಕೈ ಮಾತ್ರ ಸವೆದಿದೆ. ಎಷ್ಟು ಮಕ್ಕಳು ಅದೇ ಜಾಗ ಹಿಡಿದು ಎದ್ದು ಕೂತಿರಬೇಕು!

ಅಜ್ಜಿಯ ಮನೆ ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಪಡಸಾಲೆಯ ಜಂತಿಗೆ ಕಟ್ಟಿದ ಈ ತೊಟ್ಟಿಲನ್ನು 17 ವರ್ಷ ಇಳಿಸಲೇ ಇಲ್ಲವಂತೆ. ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಎಷ್ಟು ಮಕ್ಕಳು ಅಂತ ಯಾರು ಕೇಳಿದರೂ ಅವಳು "ಐದು" ಎಂದಷ್ಟೇ ಹೇಳುತ್ತಿದ್ದಳು. ಒಂದೇ ವಾರದಲ್ಲಿ ದಡಾರಕ್ಕೆ ಹೋದ ಎರಡು ಮಕ್ಕಳ ಹೆಸರು ನನಗೆ ಗೊತ್ತಾದದ್ದು ಅವಳು ತೀರಿಕೊಂಡ ಮೇಲೆ. ಆ ಐವರಿಗೆ 16 ಮಕ್ಕಳು. ಅವರಲ್ಲಿ ನಾನೂ ಒಬ್ಬ. ನಮ್ಮ 16 ಜನಕ್ಕೆ 27. ಈಗ ಈ ತೊಟ್ಟಿಲು ಒಂದು ಮನೆಯಲ್ಲಿ ವರ್ಷ, ಒಂದೂವರೆ ವರ್ಷ ನಿಂತರೆ ಅದೇ ಜಾಸ್ತಿ.

ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಊಟ ಮುಗಿದ ಮೇಲೆ ಮಾತು ಶುರುವಾಯಿತು. ನನ್ನ ಸೋದರಮಾವ ಎಲೆಗೆ ಸುಣ್ಣ ಹಚ್ಚುತ್ತಾ, "ಈಗಿನ ಹುಡುಗ್ಯಾರಿಗೆ ಮಕ್ಕಳ ಆಗವಲ್ವು. ಎಣ್ಣಿ ಹೊಡದ ಕಾಯಿಪಲ್ಯೆ ತಿಂದು, ಹಗಲು ರಾತ್ರಿ ಮೊಬೈಲ್ ಹಿಡದು, ಮೈಯಾಗಿನ ಶಕ್ತೀನ ಹೋಗೇತಿ" ಎಂದರು. ಚಿಕ್ಕಮ್ಮನ ಮಗ ಬಿಡಲಿಲ್ಲ. "ಎಲ್ಲಿ ಕಮ್ಮಿ ಆಗ್ಯಾವ ಮಾಮಾ? ಮುಂಜಾನೆ ಚಿಗರಿ ಬಸ್ಸಿನಾಗ ಕಾಲಿಡಾಕ ಜಾಗಾ ಇರಂಗಿಲ್ಲ. ಮಂದಿ ಇರುವಿ ಹಂಗ ಹೆಚ್ಚಾಗ್ಯಾರ" ಎಂದ. ಮಾಮಾ ನನ್ನ ಕಡೆ ತಿರುಗಿದರು. "ನೀ ಸಾಲ್ಯಾಗ ವಿಜ್ಞಾನ ಕಲಸಾಂವ. ನೀನ ಹೇಳಪಾ."

ಅವತ್ತು ಮಗು ಎದ್ದು ಅಳತೊಡಗಿ ಮಾತು ಅರ್ಧಕ್ಕೇ ನಿಂತಿತು. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಮಾನ ಮಾತು. ತಪ್ಪು ಅವರದಲ್ಲ, 'ಫಲವತ್ತತೆ ದರ' ಎಂಬ ಹೆಸರಿನದು. ಹೊಲದ ಫಲವತ್ತತೆ ಅಂದರೆ ಮಣ್ಣಿನ ಶಕ್ತಿ, ಅಲ್ವಾ? ಹಾಗಾಗಿ 'ಫಲವತ್ತತೆ ಕುಸಿತ' ಅಂತ ಪೇಪರಿನಲ್ಲಿ ಓದಿದ ಕೂಡಲೇ ಹೆಂಗಸರ ಮೈಯಲ್ಲಿ ಏನೋ ಕೆಟ್ಟಿದೆ ಅಂದುಕೊಳ್ಳುತ್ತೇವೆ. ಆದರೆ ಜನಸಂಖ್ಯೆಯ ಲೆಕ್ಕ ಹಾಕುವವರು ಅಳೆಯುವುದು ಮಣ್ಣನ್ನಲ್ಲ, ಬೆಳೆಯನ್ನು. ಒಬ್ಬ ಹೆಣ್ಣುಮಗಳು ಹೆರುವ ವಯಸ್ಸಿನುದ್ದಕ್ಕೂ ಈ ವರ್ಷದ ರೂಢಿಯಂತೆಯೇ ಹೆತ್ತರೆ ಎಷ್ಟು ಮಕ್ಕಳಾಗುತ್ತವೆ ಎಂಬ ಸರಾಸರಿ ಅದು. ಎರಿ ಹೊಲವನ್ನು ಬಿತ್ತದೆ ಬಿಟ್ಟರೆ ಬೆಳೆ ಬರುವುದಿಲ್ಲ. ಹಾಗಂತ ಮಣ್ಣು ಸತ್ತಿದೆ ಅಂತ ಯಾವ ರೈತನಾದರೂ ಹೇಳುತ್ತಾನಾ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಈ ಸರಾಸರಿ 1.7. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿಯಿದೆ. ರಾಜ್ಯದಲ್ಲಿ 15ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕುಟುಂಬ ಯೋಜನೆ ಆಪರೇಷನ್ ಮಾಡಿಸಿಕೊಂಡಿದ್ದಾರೆ. "ಎರಡಾದ್ವು, ಆಪರೇಷನ್ ಆತು" ಅನ್ನುವ ಮಾತು ನಮ್ಮ ಯಾವ ಓಣಿಯಲ್ಲಿ ಕೇಳಿಲ್ಲ ಹೇಳಿ? ಇದು ಶಕ್ತಿ ಹೋದದ್ದಲ್ಲ. ಸಾಕು ಅಂತ ತೀರ್ಮಾನ ಮಾಡಿದ್ದು.

ಮಕ್ಕಳಿಗಾಗಿ ಹಂಬಲಿಸಿ ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಅಲೆಯುವ ದಂಪತಿಗಳ ನೋವು ನಿಜ. ಜೀವನದ ಯಾವುದೋ ಹಂತದಲ್ಲಿ ಆರರಲ್ಲಿ ಒಬ್ಬರಿಗೆ ಈ ತೊಂದರೆ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕಾರಣ ಗಂಡಸಿನ ಕಡೆಯೂ ಇರುತ್ತದೆ, ಆದರೆ ಮಾತು ಕೇಳುವವಳು ಹೆಂಡತಿ ಒಬ್ಬಳೇ. ಆ ಅನ್ಯಾಯದ ಬಗ್ಗೆ ಬೇರೆಯೇ ಬರೆಯಬೇಕು. ಇಲ್ಲಿ ಹೇಳಬೇಕಾದದ್ದು ಇಷ್ಟೇ: ದೇಶದ ಸರಾಸರಿ 3.4ರಿಂದ 2.0ಕ್ಕೆ ಇಳಿದದ್ದು ಆ ತೊಂದರೆಯಿಂದಲ್ಲ. 3.4 ಅನ್ನುವುದು 1992–93ರ ಲೆಕ್ಕ.

ಹುಟ್ಟು ಕಡಿಮೆಯಾಗಲು ಮೈ ಕೆಡಬೇಕಿಲ್ಲ, ಮನಸ್ಸು ಸಾಕು. ಜಪಾನಿನಲ್ಲಿ ಇದಕ್ಕೆ ಮರೆಯಲಾಗದ ಒಂದು ಉದಾಹರಣೆ ಇದೆ. ನಮ್ಮ ಪ್ರಭವ, ವಿಭವ ಸಂವತ್ಸರಗಳ ಹಾಗೆ ಅವರಿಗೂ 60 ವರ್ಷದ ಚಕ್ರ ಇದೆ. ಅದರಲ್ಲಿ ಒಂದು ವರ್ಷ 'ಬೆಂಕಿ ಕುದುರೆ'. ಆ ವರ್ಷ ಹುಟ್ಟಿದ ಹೆಣ್ಣು ಗಂಡನನ್ನು ತಿಂದುಕೊಳ್ಳುತ್ತಾಳೆ ಎಂಬ ನಂಬಿಕೆ. 1965ರಲ್ಲಿ ಅಲ್ಲಿ ಸುಮಾರು 18.2 ಲಕ್ಷ ಮಕ್ಕಳು ಹುಟ್ಟಿದ್ದವು. ಬೆಂಕಿ ಕುದುರೆಯ 1966ರಲ್ಲಿ 13.6 ಲಕ್ಷ. ಮರುವರ್ಷ ಮತ್ತೆ 19 ಲಕ್ಷ ದಾಟಿತು. ಒಂದು ವರ್ಷದ ಮಟ್ಟಿಗೆ ಇಡೀ ದೇಶದ ಹೆಂಗಸರ ಮೈ ಕೆಟ್ಟು, ಮರುವರ್ಷ ಸರಿಹೋಯಿತಾ? ಬುಲೆಟ್ ರೈಲು ಓಡಿಸುತ್ತಿದ್ದ ದೇಶ ಅದು ಆಗಲೇ. ಆದರೂ ನಾಲ್ಕು ಲಕ್ಷಕ್ಕಿಂತ ಜಾಸ್ತಿ ಮಕ್ಕಳು ಒಂದು ಪಂಚಾಂಗದ ಮಾತಿಗೆ ಹುಟ್ಟದೇ ಉಳಿದರು. ಆ ವರ್ಷದ ಸರಾಸರಿ 1.58. 1989ರಲ್ಲಿ ಯಾವ ಕುದುರೆಯೂ ಇಲ್ಲದೆ ಅದು 1.57 ಆಯಿತು. ಮೂಢನಂಬಿಕೆ ಒಮ್ಮೆ ಹೆದರಿಸಿ ಮಾಡಿಸಿದ್ದನ್ನು ಓದು, ಕೆಲಸ, ತಡವಾದ ಮದುವೆ, ಪುಟ್ಟ ಮನೆಗಳು ಸುಮ್ನೆ ಮಾಡಿಬಿಟ್ಟವು.

ನಾವೂ ಅವರಿಗಿಂತ ಬೇರೆಯಲ್ಲ. ಅವತ್ತೇ ತೊಟ್ಟಿಲ ಪಕ್ಕ ಕೂತಿದ್ದ ಒಬ್ಬ ಅತ್ತೆ ಮಗುವಿನ ನಕ್ಷತ್ರ ಕೇಳಿದರು. ಮೂಲಾ ಅಂದ ಕೂಡಲೇ, "ಮಾವಗ ಆಗಿ ಬರಂಗಿಲ್ಲ" ಎಂದು ದನಿ ತಗ್ಗಿಸಿದರು. ಮಗು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಎಲ್ಲೋ ಇರುವ, ಯಾರೂ ನೋಡದ ಮಾವನ ಸಾವು ಆಗಲೇ ಅದರ ತಲೆಗೆ ಬಂತು. ಮಗುವಿನ ತಾಯಿಯ ಮುಖ ನೋಡಿ ನನಗೆ ಸಿಟ್ಟು ತಡೆಯಲಾಗಲಿಲ್ಲ. ಆಕಾಶದಲ್ಲಿ ಚಂದ್ರ ಯಾವ ಚುಕ್ಕಿಯ ಹತ್ತಿರ ಕಂಡ ಎಂಬುದಕ್ಕೂ ಒಬ್ಬ ಮನುಷ್ಯನ ಆಯುಷ್ಯಕ್ಕೂ ಏನೂ ಸಂಬಂಧ ಇಲ್ಲ ಅಂತ ಅಲ್ಲೇ ಹೇಳಿದೆ.

ಈಗ ಚಿಕ್ಕಮ್ಮನ ಮಗನ ಪ್ರಶ್ನೆ. ನಿಜ ಹೇಳಬೇಕೆಂದರೆ ನಾನು ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ. ಮಕ್ಕಳು ಕಡಿಮೆ, ಜನ ಜಾಸ್ತಿ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ಜನಸಂಖ್ಯೆ ಹೆಚ್ಚೂ ಆಗದೆ, ಕಡಿಮೆಯೂ ಆಗದೆ ಇರಲು ಬೇಕಾದ ಸರಾಸರಿ 2.1. ಎರಡಲ್ಲ, 2.1. ಯಾಕೆಂದರೆ ತಾಯಿಯ ಜಾಗಕ್ಕೆ ಒಬ್ಬಳು ಮಗಳು ಬರಬೇಕು, ಆದರೆ ಪ್ರಕೃತಿಯಲ್ಲಿ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ಹುಟ್ಟಿದ ಹೆಣ್ಣುಮಕ್ಕಳಲ್ಲಿ ಕೆಲವರು ತಾಯಿಯಾಗುವ ವಯಸ್ಸು ಮುಟ್ಟುವುದಿಲ್ಲ. ಹೆಣ್ಣು ಭ್ರೂಣವನ್ನು ಕೊಲ್ಲುವ ಕಡೆ ಈ 2.1 ಕೂಡ ಸಾಲುವುದಿಲ್ಲ. ನಾವು ಈಗಾಗಲೇ ಈ ಗೆರೆಯ ಕೆಳಗಿದ್ದೇವೆ. ಆದರೂ ಭಾರತದ ಜನಸಂಖ್ಯೆ 2060ರ ದಶಕದ ಆರಂಭದವರೆಗೆ ಏರಿ, 170 ಕೋಟಿ ಮುಟ್ಟಬಹುದು ಎಂದು ವಿಶ್ವಸಂಸ್ಥೆಯ ಅಂದಾಜು.

ತೊಟ್ಟಿಲ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯ ಹಿಂದೆ ಬಾಲ್ ಪೆನ್ನಿನಿಂದ ನಾನು ಮೊದಲು ನಮ್ಮ ಮನೆಯ ಲೆಕ್ಕವನ್ನೇ ಬರೆದೆ: 5, 16, 27. ಆದರೆ ಆ ಲೆಕ್ಕ ಮೋಸ ಮಾಡುತ್ತದೆ. ನಮ್ಮ 27 ಮಕ್ಕಳನ್ನು ಬೀಗರೂ ತಮ್ಮ ಮನೆಯ ಲೆಕ್ಕದಲ್ಲಿ ಎಣಿಸುತ್ತಾರೆ. ಹಾಗಾಗಿ ಯಾರೂ ಬರದ, ಯಾರೂ ಹೋಗದ ಒಂದು ಊರು ಇಟ್ಟುಕೊಳ್ಳೋಣ. ಅಲ್ಲಿ 100 ಮುದುಕರು. ಅವರು ಜೋಡಿಗೆ ನಾಲ್ಕರಂತೆ ಹೆತ್ತರು, 200 ನಡುವಯಸ್ಸಿನವರಾದರು. ಇವರೂ ಜೋಡಿಗೆ ನಾಲ್ಕು ಹೆತ್ತರು, 400 ಎಳೆಯರಾದರು. ಊರಿನ ಜನ ಒಟ್ಟು 700. ಈಗ ಎಳೆಯರು ಸಭೆ ಸೇರಿ ಎರಡೇ ಸಾಕು ಅಂತ ತೀರ್ಮಾನಿಸಿದರು. 30 ವರ್ಷ ಆದ ಮೇಲೆ ನೋಡಿ. ಹಳೇ ಮುದುಕರು 100 ಜನ ಹೋದರು. ಈಗ ಮುದುಕರು 200, ನಡುವಯಸ್ಸಿನವರು 400, ಮಕ್ಕಳು 400. ಒಟ್ಟು 1000! ಇನ್ನೂ 30 ವರ್ಷ ಬಿಟ್ಟು ನೋಡಿದರೆ ಮೂರೂ ಸಾಲಿನಲ್ಲಿ 400, ಒಟ್ಟು 1200. ಯಾವ ಮನೆಯಲ್ಲೂ ಎರಡಕ್ಕಿಂತ ಜಾಸ್ತಿ ಇಲ್ಲ, ಆದರೂ 700 ಇದ್ದ ಊರು 1200 ಆಯಿತು.

ಬೇಡ, ಒಂದೇ ಸಾಕು ಅಂದಿದ್ದರೆ? 30 ವರ್ಷದ ಮೇಲೆ 200, 400, 200. ಒಟ್ಟು 800. ಒಂದೊಂದೇ ಹೆತ್ತರೂ ಊರು ಬೆಳೆದೇ ಬೆಳೆಯಿತು! 60 ವರ್ಷಕ್ಕೆ ಮತ್ತೆ 700. ಆದರೆ 90 ವರ್ಷಕ್ಕೆ 350.

ಗುಟ್ಟು ಇಷ್ಟೇ. ಹುಟ್ಟುವ ಮಕ್ಕಳ ಸಂಖ್ಯೆ ಅಂದರೆ ತಾಯಂದಿರ ಸಂಖ್ಯೆಯನ್ನು ತಲಾ ಹೆರುವ ಸಂಖ್ಯೆಯಿಂದ ಗುಣಿಸಿದ್ದು. ತಲಾ ಎಷ್ಟು ಎಂಬುದನ್ನು ಇವತ್ತಿನವರು ನಿರ್ಧರಿಸುತ್ತಾರೆ. ತಾಯಂದಿರು ಎಷ್ಟು ಎಂಬುದನ್ನು ಅಜ್ಜಿಯಂದಿರು ಆಗಲೇ ನಿರ್ಧರಿಸಿ ಹೋಗಿದ್ದಾರೆ. ಖಾಲಿ ತೊಟ್ಟಿಲನ್ನು ಒಮ್ಮೆ ಜೋರಾಗಿ ತೂಗಿ ಕೈ ಬಿಡಿ, ಅದು ತೂಗುತ್ತಲೇ ಇರುತ್ತದೆ. ಹಿಟ್ಟಿನ ಗಿರಣಿಯ ಕರೆಂಟ್ ಹೋದರೂ ಗಾಲಿ ಒಂದಷ್ಟು ಹೊತ್ತು ತಿರುಗುತ್ತದೆ. ಇದಕ್ಕಿಂತ ಸರಿಯಾದ ಹೋಲಿಕೆ ಧಾರವಾಡದ ಆಪೂಸ್ ತೋಟ. ಒಬ್ಬ ರೈತ ಹತ್ತು ವರ್ಷ, ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಸಸಿ ನೆಟ್ಟ ಅಂತಿಟ್ಟುಕೊಳ್ಳಿ. ಈ ವರ್ಷ ನೆಡುವುದನ್ನು ಕಡಿಮೆ ಮಾಡಿದ. ಫಸಲು ಕಡಿಮೆಯಾಯಿತಾ? ಇಲ್ಲ, ಏರುತ್ತಲೇ ಹೋಗುತ್ತದೆ. ನೆಟ್ಟ ಸಸಿಗಳು ಒಂದೊಂದಾಗಿ ಕಾಯಿ ಬಿಡುವ ವಯಸ್ಸಿಗೆ ಬರುತ್ತಿರುತ್ತವೆ. ಮಾರ್ಕೆಟ್ಟಿಗೆ ಬಂದ ಬುಟ್ಟಿಗಳನ್ನು ಮಾತ್ರ ನೋಡುವವನಿಗೆ ಈ ರೈತ ನೆಡುವುದನ್ನು ಕಡಿಮೆ ಮಾಡಿದ್ದು ಗೊತ್ತೇ ಆಗುವುದಿಲ್ಲ. ಚಿಗರಿ ಬಸ್ಸಿನ ನೂಕುನುಗ್ಗಲು ಆ ಬುಟ್ಟಿ. ಈಗಿನ ಒಂದನೇ ತರಗತಿಯ ಹಾಜರಿ ಪುಸ್ತಕ ಸಸಿಯ ಲೆಕ್ಕ.

1971ರಲ್ಲಿ ನೇಥನ್ ಕೀಫಿಟ್ಸ್ ಎಂಬ ಜನಸಂಖ್ಯಾ ತಜ್ಞ ಇದನ್ನು ಗಣಿತದ ಸೂತ್ರದಲ್ಲಿ ಹಿಡಿದ. ಲೋಕದಲ್ಲೂ ಹಾಗೆಯೇ ನಡೆದಿದೆ. ಜಪಾನ್ 1970ರ ದಶಕದ ನಡುವೆ 2.1ರ ಗೆರೆಯ ಕೆಳಗಿಳಿಯಿತು. ಜನಸಂಖ್ಯೆ ಇಳಿಯತೊಡಗಿದ್ದು 2010ರ ಹೊತ್ತಿಗೆ. ಚೀನಾ 1990ರ ದಶಕದ ಆರಂಭದಲ್ಲಿ ಕೆಳಗೆ ಬಂತು. ಇಳಿತ ಕಂಡದ್ದು 2022ರಲ್ಲಿ. ಒಂದು ತಲೆಮಾರು ಕಾಯಲೇಬೇಕು.

ಅಜ್ಜಿ ಒಂಬತ್ತು ಹೆತ್ತದ್ದು ಅಜ್ಞಾನದಿಂದ ಅಂತ ಹೇಳುವವರನ್ನು ಕಂಡರೆ ನನಗೆ ಬೇಜಾರು. ನಾಲ್ಕು ಹೋಗುವ ಕಾಲದಲ್ಲಿ ಐದು ಉಳಿಯಬೇಕಾದರೆ ಒಂಬತ್ತು ಬೇಕು. ಅವಳ ಲೆಕ್ಕ ಸರಿಯಿತ್ತು. 1971ರಲ್ಲಿ ದೇಶದಲ್ಲಿ ಹುಟ್ಟಿದ 1000 ಕೂಸುಗಳಲ್ಲಿ 129 ಕೂಸು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ಕ್ಕೆ ಅದು 28ಕ್ಕೆ ಇಳಿಯಿತು. ಕೂಸು ಉಳಿಯುತ್ತದೆ ಎಂಬ ಧೈರ್ಯ ಬಂದ ಮೇಲೆ ಮತ್ತೊಂದು ಹೆರುವ ಒತ್ತಾಯ ಹೋಯಿತು. ಹುಡುಗಿಯರು ಸಾಲಿಗೆ ಹೋದರು, ಮದುವೆಯ ವಯಸ್ಸು ಮುಂದೆ ಹೋಯಿತು. ಮಗು ಹೊಲಕ್ಕೆ ಕೈಯಾಗುವ ಬದಲು ಫೀಸು ಕಟ್ಟಬೇಕಾದ ಜವಾಬ್ದಾರಿಯಾಯಿತು.

ಸರ್ಕಾರದ ಪಾತ್ರವೂ ಇದೆ. ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡಕ್ಕೆ ಅದು ಸಿಗಲಿಲ್ಲ. 1952ರಲ್ಲಿ ಇಡೀ ದೇಶಕ್ಕೆ ಕುಟುಂಬ ಯೋಜನೆ ಬಂತು. ಮುಂದೆ ಧಾರವಾಡದ ವಿದ್ಯಾಗಿರಿಯಲ್ಲೇ ಜನಸಂಖ್ಯಾ ಸಂಶೋಧನಾ ಕೇಂದ್ರವೂ ಆಯಿತು. ನಾವು ಚಿಕ್ಕವರಿದ್ದಾಗ ದವಾಖಾನೆಯ ಗೋಡೆಯ ಮೇಲೆ ಕೆಂಪು ತ್ರಿಕೋನ, "ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ". ಆದರೆ ತುರ್ತು ಪರಿಸ್ಥಿತಿಯ 1976–77ರಲ್ಲಿ 80 ಲಕ್ಷಕ್ಕೂ ಜಾಸ್ತಿ ಆಪರೇಷನ್ ಆದವು. ಹೆಚ್ಚಿನವು ಗಂಡಸರಿಗೆ, ಎಷ್ಟೋ ಕಡೆ ಬಲವಂತದಿಂದ. ಆ ಭಯ ಹೋಗಲೇ ಇಲ್ಲ. ಇವತ್ತಿಗೂ ಆಪರೇಷನ್ ಅಂದರೆ ಹೆಂಗಸರದೇ ಪಾಲು. ಗಂಡಸರದು ಹೆಚ್ಚು ಸುಲಭದ, ಕಡಿಮೆ ಅಪಾಯದ ಆಪರೇಷನ್ ಅಂತ ಗೊತ್ತಿದ್ದೂ ಹೀಗೆ.

ಈಗ ಗಾಳಿ ತಿರುಗಿದೆ. ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ನಿಯಮವನ್ನು ಪಕ್ಕದ ಆಂಧ್ರ 2024ರಲ್ಲಿ ತೆಗೆದುಹಾಕಿತು. ಹೆಚ್ಚು ಹೆರಿ ಎಂಬ ಮಾತು ವೇದಿಕೆಗಳಿಂದ ಕೇಳಿಬರುತ್ತಿದೆ. ತೊಟ್ಟಿಲ ನಿಯಮ ಆ ಕಡೆಗೂ ಅಷ್ಟೇ ನಿಜ ಎಂಬುದನ್ನು ಇವರು ನೋಡಬೇಕು. ದಕ್ಷಿಣ ಕೊರಿಯಾದಲ್ಲಿ 1970ರಲ್ಲಿ ಸುಮಾರು 10 ಲಕ್ಷ ಮಕ್ಕಳು ಹುಟ್ಟಿದ್ದರು, 2023ರಲ್ಲಿ ಸುಮಾರು 2.3 ಲಕ್ಷ. ಸರಾಸರಿ 0.72. ನಾಳೆಯೇ ಅಲ್ಲಿನ ಎಲ್ಲರೂ ಎರಡೆರಡು ಹೆತ್ತರೂ ಜನ ದಶಕಗಳ ಕಾಲ ಇಳಿಯುತ್ತಲೇ ಇರುತ್ತಾರೆ. ಹೆರಬೇಕಾದ ತಾಯಂದಿರು 30 ವರ್ಷದ ಹಿಂದೆ ಹುಟ್ಟೇ ಇಲ್ಲ. ಅವರನ್ನು ಯಾವ ಬಹುಮಾನ ಕೊಟ್ಟು ಕರೆತರುವುದು?

ಇದನ್ನೆಲ್ಲ ಮೊನ್ನೆ ಮಾಮಾನಿಗೆ ಪತ್ರಿಕೆಯ ಹಿಂದಿನ ಲೆಕ್ಕ ತೋರಿಸಿಯೇ ಹೇಳಿದೆ. 700, 1000, 1200 ಎಂಬ ಅಂಕಿಗಳ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಬೆರಳು ಮಡಚಿ ನಮ್ಮ ಮನೆಯ 27 ಜನರನ್ನು ಎಣಿಸತೊಡಗಿದರು. "ಹನ್ನೊಂದು ಮಂದಿ ಲಗ್ನದ ವಯಸ್ಸಿಗೆ ಬಂದಾರ. ಒಂದೊಂದ ಹಡದ್ರೂ ಈ ತೊಟ್ಟಲಾ ಹತ್ತು ವರ್ಷ ಅಟ್ಟ ಏರಂಗಿಲ್ಲ ತಮ್ಮಾ" ಎಂದರು. ಹಾವೇರಿಯಲ್ಲಿ ಇನ್ನೊಬ್ಬ ಅಕ್ಕನ ಸೊಸೆಯ ಕುಬಸ ಮುಂದಿನ ತಿಂಗಳು. ತೊಟ್ಟಿಲಿನ ಪಾಳಿ ಹಿಡಿಯಲು ಅವರಿಂದ ಆಗಲೇ ಫೋನ್ ಬಂದಿದೆ. ಹುಬ್ಬಳ್ಳಿಯವರದು ಅದರ ಮುಂದಿನ ಪಾಳಿ. ಮಾಮಾ ಎದ್ದು ಹೋಗಿ ಕೌದಿ ಒಗೆದು ಒಣಹಾಕಲು ಹೇಳಿದರು.