ವಿಂಡೋಸ್‌ನಲ್ಲಿ ಯುನಿಕ್ಸ್ ಕಮಾಂಡ್: ಓಡುತ್ತಿರುವುದು ಯಾವ ಪ್ರೋಗ್ರಾಂ?

ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಫೈಂಡ್' ಎಂದು ಟೈಪ್ ಮಾಡಿದರೆ ಸಾಮಾನ್ಯವಾಗಿ ಓಡುವುದು ಯುನಿಕ್ಸ್‌ನ ಫೈಂಡ್ ಅಲ್ಲ. ಸಿಸ್ಟಂ32 ಫೋಲ್ಡರಿನಲ್ಲಿ ಅದೇ ಹೆಸರಿನ ಬೇರೊಂದು ಪ್ರೋಗ್ರಾಂ ಇದೆ. ಅದು ಫೈಲಿನೊಳಗೆ ಪದ ಹುಡುಕುತ್ತದೆ, ಯುನಿಕ್ಸ್‌ನದು ಫೈಲುಗಳನ್ನೇ ಹುಡುಕುತ್ತದೆ. 'ಸಾರ್ಟ್' ಕೂಡ ಎರಡಿವೆ. ವಿಂಡೋಸ್‌ನ ಇನ್ನೊಂದು ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಆದ ಪವರ್‌ಶೆಲ್ 5.1ರಲ್ಲಿ, ವೆಬ್‌ನಿಂದ ಮಾಹಿತಿ ತರುವ 'ಕರ್ಲ್' ಎಂಬುದು ಪವರ್‌ಶೆಲ್‌ನದೇ ಆದ ಇನ್ವೋಕ್-ವೆಬ್‌ರಿಕ್ವೆಸ್ಟ್‌ಗೆ ಇಟ್ಟ ಇನ್ನೊಂದು ಹೆಸರು, ಹಾಗಾಗಿ ಯುನಿಕ್ಸ್ ಪುಸ್ತಕಗಳಲ್ಲಿ ಹೇಳಿರುವ ಕರ್ಲ್ ಆಯ್ಕೆಗಳು ಅಲ್ಲಿ ನಡೆಯುವುದಿಲ್ಲ. ಎಡವಟ್ಟಾದಾಗ ಮೊದಲು ಕೇಳಬೇಕಾದ್ದು ಯಾವ ಪ್ರೋಗ್ರಾಂ ಓಡಿತು ಎಂದು. ಯುನಿಕ್ಸ್ ಶೆಲ್ ಆದ ಬ್ಯಾಷ್‌ನಲ್ಲಿ 'ಟೈಪ್', ಪವರ್‌ಶೆಲ್‌ನಲ್ಲಿ 'ಗೆಟ್-ಕಮಾಂಡ್' ಇದನ್ನು ತಿಳಿಸುತ್ತವೆ.

ಯುನಿಕ್ಸ್ ಟೂಲ್‌ಗಳನ್ನು ವಿಂಡೋಸ್‌ಗೆ ತರುವ ದಾರಿಗಳು ಹಲವು. 1995ರಲ್ಲಿ ಸಿಗ್ನಸ್ ಸೊಲ್ಯೂಷನ್ಸ್ ಕಂಪನಿಯಲ್ಲಿ ಶುರುವಾದ ಸಿಗ್‌ವಿನ್, ಯುನಿಕ್ಸ್ ಪ್ರೋಗ್ರಾಂ ಕೇಳುವುದನ್ನು ವಿಂಡೋಸ್‌ಗೆ ತಿಳಿಯುವಂತೆ ಬದಲಿಸಿಕೊಡುವ ಒಂದು ಲೈಬ್ರರಿ. ಅದರಿಂದ ಬೆಳೆದದ್ದು ಎಂಸಿಸ್2, ಅದರ ಮೇಲೆ ನಿಂತದ್ದು ಗಿಟ್ ಬ್ಯಾಷ್. ವಿಂಡೋಸ್‌ನೊಳಗೆ ಲಿನಕ್ಸ್ ಪ್ರೋಗ್ರಾಂ ಓಡಿಸಲು ಮೈಕ್ರೋಸಾಫ್ಟ್ ಕೊಟ್ಟ, 2016ರಲ್ಲಿ ಬಂದ ಡಬ್ಲ್ಯುಎಸ್ಎಲ್‌ನ ಮೊದಲ ಆವೃತ್ತಿಯೂ ಬೇರೊಂದು ಬಗೆಯಲ್ಲಿ ಇದೇ ಅನುವಾದದ ಕೆಲಸ ಮಾಡುತ್ತಿತ್ತು. 2019ರಲ್ಲಿ ಪ್ರಕಟಿಸಿದ ಎರಡನೆಯ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ಕರ್ನೆಲ್ಲೇ ವರ್ಚುವಲ್ ಮಷೀನಿನಲ್ಲಿ ಓಡುತ್ತದೆ. ಪಠ್ಯ ಹುಡುಕುವ ಗ್ರೆಪ್, ಪಠ್ಯ ಬದಲಿಸುವ ಸೆಡ್, ಆಕ್ ಕಲಿಯಲು ಗಿಟ್ ಬ್ಯಾಷ್ ಧಾರಾಳ ಸಾಕು. ಪ್ಯಾಕೇಜ್ ಹಾಕಿಕೊಂಡು ಸರ್ವರ್ ಓಡಿಸುವುದಿದ್ದರೆ ಡಬ್ಲ್ಯುಎಸ್ಎಲ್ 2 ಹಿಡಿಯಿರಿ. ಆದರೆ ಫೈಲುಗಳನ್ನು ಲಿನಕ್ಸ್‌ನ ಹೋಮ್ ಫೋಲ್ಡರಿನಲ್ಲೇ ಇಡಿ. ಸಿ ಡ್ರೈವ್ ಅದಕ್ಕೆ ಕಾಣುತ್ತದೆ ನಿಜ, ಆದರೆ ಆ ಗಡಿ ದಾಟಿ ಸಾವಿರಾರು ಸಣ್ಣ ಫೈಲು ಓದುವುದು ತುಂಬ ನಿಧಾನ.

ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದು ಸಾಲಿನ ಕೊನೆ. ಯುನಿಕ್ಸ್ ಸಾಲು ಮುಗಿಸಲು ಲೈನ್‌ಫೀಡ್ ಎಂಬ ಒಂದೇ ಬೈಟ್ ಬಳಸುತ್ತದೆ. ವಿಂಡೋಸ್ ರೂಢಿಯಲ್ಲಿ ಅದಕ್ಕೂ ಮೊದಲು ಕ್ಯಾರೇಜ್ ರಿಟರ್ನ್ ಎಂಬ ಇನ್ನೊಂದು ಬೈಟ್ ಇರುತ್ತದೆ. ಅಂಥ ಫೈಲನ್ನು ಲಿನಕ್ಸ್‌ನ ಗ್ರೆಪ್‌ಗೆ ಕೊಟ್ಟು, ಸಾಲಿನ ಕೊನೆಯನ್ನು ಸೂಚಿಸುವ ಡಾಲರ್ ಚಿಹ್ನೆ ಹಾಕಿ 'ದ' ಅಕ್ಷರದಿಂದ ಮುಗಿಯುವ ಸಾಲುಗಳನ್ನು ಕೇಳಿದರೆ ಒಂದೂ ಸಿಗದು. ಕಣ್ಣಿಗೆ ಸಾಲು ದಕಾರಕ್ಕೇ ಮುಗಿದಿದೆ, ಗ್ರೆಪ್‌ಗೆ ಮಾತ್ರ ಅದರಾಚೆ ಒಂದು ಅಕ್ಷರ ಕಾಣುತ್ತಿದೆ. ಶೆಲ್ ಸ್ಕ್ರಿಪ್ಟ್ ಕೂಡ ಇದರಿಂದಲೇ ಮೊದಲ ಸಾಲಿನಲ್ಲಿ ಕೈಕೊಡುತ್ತದೆ. 'ಡಾಸ್2ಯುನಿಕ್ಸ್' ಓಡಿಸಿದರೆ ಸರಿಹೋಗುತ್ತದೆ.

ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಬಗೆ, ಇನ್ನೊಂದು ತೊಡಕು. ಯುಟಿಎಫ್-8ರಲ್ಲಿ 'ಕನ್ನಡ' ಎಂಬುದನ್ನು ಹೊಸ ಸಾಲಿಲ್ಲದೆ ಎಣಿಕೆ ಮಾಡುವ ಕಮಾಂಡ್ ಆದ ಡಬ್ಲ್ಯುಸಿಗೆ ಕೊಟ್ಟರೆ ಬೈಟ್ ಲೆಕ್ಕ 15, ಕ್ಯಾರೆಕ್ಟರ್ ಲೆಕ್ಕ 5. ನಾವು ಎಣಿಸುವ ಅಕ್ಷರ ಮಾತ್ರ 3, ಏಕೆಂದರೆ 'ನ್ನ' ಒತ್ತಕ್ಷರದ ಎರಡು ನಕಾರಗಳಿಗೂ ಅವುಗಳ ನಡುವಿನ ಹಲಂತ ಚಿಹ್ನೆಗೂ (್) ಪ್ರತ್ಯೇಕ ಸಂಕೇತವಿದೆ. ಪವರ್‌ಶೆಲ್ 5.1ರಲ್ಲಿ ಬಾಣದ ಗುರುತು (>) ಹಾಕಿ ಫೈಲಿಗೆ ಬರೆಸಿದರೆ ಅದು ಯುಟಿಎಫ್-16 ಆಗಿ ಉಳಿಯುತ್ತದೆ. ನೋಟ್‌ಪ್ಯಾಡಿನಲ್ಲಿ ಪದ ಚೆನ್ನಾಗಿಯೇ ಕಾಣುತ್ತದೆ, ಗ್ರೆಪ್‌ಗೆ ಸಿಗುವುದಿಲ್ಲ. ಹೀಗಾದಾಗ 'ಫೈಲ್' ಕಮಾಂಡಿನಿಂದ ಎನ್‌ಕೋಡಿಂಗ್ ನೋಡಿ, 'ಐಕಾನ್ವ್' ಬಳಸಿ ಯುಟಿಎಫ್-8ಕ್ಕೆ ಬದಲಿಸಿ, ಆಮೇಲೆ ಹುಡುಕಿ.