ಕೊಯ್ಲಿನ ದಿನಗಳಲ್ಲಿ ಕುಸಿಯುವ ಸಕ್ಕರೆ

ಮಲೆನಾಡಿನ ಮನೆಯೊಂದರಲ್ಲಿ ಯಾರಿಗಾದರೂ ಮಧುಮೇಹವಿದೆ ಎಂದು ತಿಳಿದ ದಿನದಿಂದ ಎಲ್ಲರ ಕಣ್ಣೂ ಏರುವ ಸಕ್ಕರೆಯ ಮೇಲೆಯೇ ಇರುತ್ತದೆ. ದೋಸೆಯ ಪಕ್ಕದಲ್ಲಿದ್ದ ಜೋನಿಬೆಲ್ಲ ಮರೆಯಾಗುತ್ತದೆ, ನೆಂಟರ ಮನೆಯಲ್ಲಿ ಕೊಟ್ಟ ಪಾಯಸವನ್ನು ಮನೆಯವರೇ ಪಕ್ಕಕ್ಕೆ ಸರಿಸುತ್ತಾರೆ. ಈ ಎಚ್ಚರ ಬೇಕಾದದ್ದೇ. ಆದರೆ ಏರಿದ ಸಕ್ಕರೆ ಕಣ್ಣು, ಮೂತ್ರಪಿಂಡ, ನರಗಳನ್ನು ಹಾಳುಗೆಡವಲು ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು. ಮಿತಿಮೀರಿ ಇಳಿದ ಸಕ್ಕರೆಯಾದರೋ ಅರ್ಧ ಗಂಟೆಯೊಳಗೆ ಮನುಷ್ಯನ ಪ್ರಜ್ಞೆ ತಪ್ಪಿಸಬಲ್ಲದು. ಹೀಗಿದ್ದೂ ನಮ್ಮಲ್ಲಿ ತಲೆ ತಿರುಗಿ ಕೂತವರನ್ನು ಕಂಡರೆ 'ಶುಗರ್ ಜಾಸ್ತಿಯಾಗಿರಬೇಕು' ಎನ್ನುವ ಮಾತೇ ಮೊದಲು ಬರುತ್ತದೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ಮೊದಲು ಬರಬೇಕಾದ ಅನುಮಾನ ಇದಕ್ಕೆ ತದ್ವಿರುದ್ಧವಾದದ್ದು.

ಪ್ರತಿ ಡೆಸಿಲೀಟರ್ ರಕ್ತದಲ್ಲಿ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಅದನ್ನು ಲೋ ಶುಗರ್ ಎಂದು ಪರಿಗಣಿಸಿ ಕೂಡಲೇ ಸರಿಪಡಿಸಬೇಕು. 54ಕ್ಕಿಂತ ಕೆಳಗಿಳಿದರೆ ಮಿದುಳಿನ ಕೆಲಸವೇ ಏರುಪೇರಾಗುವ ಅಪಾಯವಿದೆ. ದೇಹದ ತೂಕದ ಶೇ. 2ರಷ್ಟೇ ಇರುವ ಮಿದುಳು, ವಿಶ್ರಾಂತಿಯಲ್ಲಿರುವಾಗಲೂ ದೇಹದ ಶಕ್ತಿಯ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ, ಆದರೆ ಗ್ಲೂಕೋಸನ್ನು ಹೇಳಿಕೊಳ್ಳುವಷ್ಟು ಕೂಡಿಟ್ಟುಕೊಳ್ಳಲಾರದು. ಆ ಹೊಣೆ ಯಕೃತ್ತಿನದು. ಮನೆಯ ಕಣಜದಂತೆ ಅದು ಸುಮಾರು 100 ಗ್ರಾಂನಷ್ಟು ಗ್ಲೈಕೋಜೆನ್ (ಗ್ಲೂಕೋಸಿನ ದಾಸ್ತಾನು) ಕಾಪಿಟ್ಟುಕೊಂಡು, ಊಟ ತಡವಾದಾಗ ರಕ್ತಕ್ಕೆ ಗ್ಲೂಕೋಸ್ ಬಿಡುತ್ತದೆ. ಆರೋಗ್ಯವಂತರಲ್ಲಿ ಸಕ್ಕರೆ ಇಳಿಯತೊಡಗಿದೊಡನೆ ಮೇದೋಜ್ಜೀರಕ ಗ್ರಂಥಿಯು ಸಕ್ಕರೆ ಇಳಿಸುವ ಇನ್ಸುಲಿನ್ ಕಡಿಮೆ ಮಾಡುತ್ತದೆ, ಸಕ್ಕರೆ ಏರಿಸುವ ಗ್ಲುಕಗಾನ್ ಹೆಚ್ಚಿಸುತ್ತದೆ. ಆದರೆ ಸೂಜಿಯಿಂದ ಒಳಹೊಕ್ಕ ಇನ್ಸುಲಿನ್ನನ್ನು ಹಿಂದಕ್ಕೆ ಕರೆಯುವ ದಾರಿ ದೇಹಕ್ಕಿಲ್ಲ.

ಮಾತ್ರೆಗಳೆಲ್ಲ ಒಂದೇ ಬಗೆಯವಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಮುಂತಾದ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆಗಳ ಸ್ವಭಾವ ಬೇರೆ, ಮತ್ತು ಅದು ಅವುಗಳ ಹುಟ್ಟಿನಲ್ಲೇ ಕಾಣುತ್ತದೆ. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ಮಾರ್ಸೆಲ್ ಜಾನ್‌ಬೋಂ ಎಂಬ ವೈದ್ಯರು ಟೈಫಾಯ್ಡ್ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧಿ ಕೊಟ್ಟಾಗ, ಅವರಲ್ಲಿ ಕೆಲವರ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಿತು. ಅದೇ ಊರಿನ ಅಗಸ್ಟ್ ಲುಬಾತಿಯೇರ್ ಪ್ರಯೋಗ ನಡೆಸಿ, ಆ ಔಷಧಿ ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ ಎಂದು ತೋರಿಸಿದರು. ಈ ಗುಂಪಿನ ಮಾತ್ರೆ ಹೊಟ್ಟೆ ತುಂಬಿದೆಯೇ ಖಾಲಿಯಿದೆಯೇ ಎಂದು ನೋಡುವುದಿಲ್ಲ. ನುಂಗಿದ ಮೇಲೆ ಇನ್ಸುಲಿನ್ ಹೊರಡಿಸಿಯೇ ತೀರುತ್ತದೆ. ವಯಸ್ಸಾದವರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ ಇದರ ಪ್ರಭಾವ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ.

ಹಾಗಾಗಿ ಔಷಧಿ, ಊಟ, ದುಡಿಮೆ ಈ ಮೂರರ ವೇಳೆ ಒಂದಕ್ಕೊಂದು ಹೊಂದಿರಬೇಕು. ಅಡಿಕೆ ಕೊಯ್ಲು ಶುರುವಾದರೆ ಮೊದಲು ತಪ್ಪುವುದು ಆ ವೇಳೆಯೇ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಆ ದಿನಗಳಲ್ಲಿ ಬೆಳಿಗ್ಗೆ ಮಾತ್ರೆ ನುಂಗಿ ತೋಟಕ್ಕಿಳಿದವರು ಕೊನೆ ಹೆಕ್ಕಿ, ಹೊರೆ ಹೊತ್ತು ದಿಬ್ಬ ಹತ್ತಿ, ಮಧ್ಯಾಹ್ನದ ಊಟಕ್ಕೆ ಬರುವಾಗ ಮೂರು ಗಂಟೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ; ಕೆಲಸ ಮುಗಿದ ಮೇಲೂ ತನ್ನ ದಾಸ್ತಾನು ತುಂಬಿಕೊಳ್ಳಲು ಎಳೆಯುತ್ತಲೇ ಇರುತ್ತದೆ. ಆದ್ದರಿಂದ ಹಗಲಿನ ದುಡಿಮೆಯ ಪರಿಣಾಮ ನಡುರಾತ್ರಿಯಲ್ಲಿ ಕಾಣಿಸಿಕೊಳ್ಳಬಹುದು. ಅದರ ಮೇಲೆ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯಲು ಕೂತು, ವಾಡಿಕೆಯಂತೆ ಎಂಟಕ್ಕೆ ಇನ್ಸುಲಿನ್ ಚುಚ್ಚಿಕೊಂಡು, ಊಟವನ್ನು ಹತ್ತಕ್ಕೆ ಮುಂದೂಡಿದರಂತೂ ಅಪಾಯವನ್ನು ಕರೆದು ಕೂರಿಸಿಕೊಂಡಂತೆಯೇ. ಪುಷ್ಯದ ಚಳಿಯಲ್ಲಿ ಮಲಗಿದವರ ಬನಿಯನ್ ಬೆವರಿನಿಂದ ಒದ್ದೆಯಾಗಿದ್ದರೆ, ಕೆಟ್ಟ ಕನಸು ಬಿದ್ದು ಕೂಗಿಕೊಂಡರೆ, ಬೆಳಿಗ್ಗೆ ತಲೆನೋವಿನೊಂದಿಗೆ ಎದ್ದರೆ, ರಾತ್ರಿ ಸಕ್ಕರೆ ಇಳಿದಿತ್ತೇ ಎಂದು ಕೇಳಿಕೊಳ್ಳಬೇಕು. ಚಳಿಗಾಲದ ಬೆವರನ್ನು ಯಾವ ಕಾರಣಕ್ಕೂ ಕಡೆಗಣಿಸಬಾರದು.

ನಮ್ಮ ಬಚ್ಚಲ ಹಂಡೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಬಿಸಿ ತಾಗಿದರೆ ಚರ್ಮದಡಿಯ ರಕ್ತನಾಳಗಳು ಹಿಗ್ಗಿ, ಚುಚ್ಚಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ಇನ್ಸುಲಿನ್ ತೆಗೆದುಕೊಂಡು, ಹೊಗೆಯಾಡುವ ನೀರು ಮೀಯಲು ಹೋಗಿ, ಆಮೇಲೆ ಪೂಜೆ ಮುಗಿಸಿ ತಿಂಡಿಗೆ ಕೂರುವ ಕ್ರಮವನ್ನು ಬದಲಿಸುವುದೇ ಲೇಸು: ಮೊದಲು ಸ್ನಾನ, ಪೂಜೆ, ತಿಂಡಿಯ ವೇಳೆಗೆ ಇನ್ಸುಲಿನ್. ಸಂಕಷ್ಟಿಯಂದು ಚಂದ್ರೋದಯದವರೆಗೆ ಉಪವಾಸವಿರುವವರು ಅಂದಿನ ಔಷಧಿ ಎಷ್ಟು, ಯಾವಾಗ ಎಂಬುದನ್ನು ವೈದ್ಯರ ಬಳಿ ಮುಂಚೆಯೇ ಕೇಳಿಟ್ಟುಕೊಳ್ಳಬೇಕು. ಇನ್ನೊಂದು ಅಪಾಯ ಸಿರಿಂಜಿನಲ್ಲಿದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಇನ್ಸುಲಿನ್ ಸೀಸೆಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನವು. ಇನ್ಸುಲಿನ್ ಚುಚ್ಚುವ ಪೆನ್ನಿನ ಕಾರ್ಟ್ರಿಜ್ 100 ಯೂನಿಟ್‌ನದು. ಪೆನ್ ಕೆಟ್ಟಿತೆಂದು ಕಾರ್ಟ್ರಿಜ್‌ನ ಔಷಧಿಯನ್ನು 40 ಯೂನಿಟ್ ಸೀಸೆಗೆಂದೇ ಗುರುತು ಹಾಕಿದ ಸಿರಿಂಜಿನಲ್ಲಿ ಎಳೆದರೆ ದೇಹಕ್ಕೆ ಹೋಗುವುದು ಎರಡೂವರೆ ಪಟ್ಟು ಇನ್ಸುಲಿನ್. ಈ ಒಂದು ತಪ್ಪು ಪ್ರಾಣಕ್ಕೇ ಎರವಾಗಬಹುದು.

ಇಳಿದ ಸಕ್ಕರೆಯ ಮೊದಲ ಲಕ್ಷಣಗಳು ಅಪಾಯದ ಹೊತ್ತಿಗೆ ದೇಹ ಹೊರಡಿಸುವ ಅಡ್ರಿನಲಿನ್‌ನಿಂದ ಬರುವಂಥವು: ಕೈ ನಡುಕ, ಎದೆ ಡವಡವ, ಬೆವರು, ತಾಳಲಾರದ ಹಸಿವು. ಆಮೇಲಿನವು ಮಿದುಳಿನವು: ಮಾತು ತೊದಲುತ್ತದೆ, ಕಣ್ಣು ಮಂಜಾಗುತ್ತದೆ, ಶಾಂತ ಸ್ವಭಾವದವರೂ ಸಿಡುಕುತ್ತಾರೆ, 'ನನಗೇನೂ ಆಗಿಲ್ಲ' ಎಂದು ಹಟ ಹಿಡಿಯುತ್ತಾರೆ. ನೋಡಿದವರಿಗೆ ಕುಡಿದವರಂತೆ ಕಾಣಬಹುದು. ಪದೇ ಪದೇ ಸಕ್ಕರೆ ಇಳಿದವರಲ್ಲಿ ಮೊದಲ ಲಕ್ಷಣಗಳೇ ಮಸುಕಾಗುತ್ತವೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಡವಡವ ಅಡಗಿ ಬೆವರು ಮಾತ್ರ ಉಳಿಯಬಹುದು. ಕೆಲವು ವಾರ ಸಕ್ಕರೆ ಇಳಿಯದಂತೆ ನೋಡಿಕೊಂಡರೆ ಹಲವರಲ್ಲಿ ಮಸುಕಾದ ಸೂಚನೆಗಳು ಮರಳುತ್ತವೆ.

ಸಕ್ಕರೆ ಅಳೆಯುವ ಗ್ಲೂಕೋಮೀಟರ್ ಇದ್ದರೆ ಕೈ ತೊಳೆದು, ಒರೆಸಿಕೊಂಡು ನೋಡಬೇಕು. ಬೆರಳಿಗೆ ಬೆಲ್ಲವೋ ಹಣ್ಣಿನ ರಸವೋ ಅಂಟಿದ್ದರೆ ಇಳಿದ ಸಕ್ಕರೆಯೂ ಸರಿಯಿದ್ದಂತೆ ತೋರೀತು. ಯಂತ್ರ ಕೈಗೆ ಸಿಗದಿದ್ದರೆ ಕಾಯದೆ ಸಿಹಿ ಕೊಡಬೇಕು. ಬೇಕಾದದ್ದು 15 ಗ್ರಾಂ ಸಕ್ಕರೆ: ಮೂರು ಚಮಚ ಗ್ಲೂಕೋಸ್ ಪುಡಿ, ಅಥವಾ ನೀರಿನಲ್ಲಿ ಕದಡಿದ ಮೂರು-ನಾಲ್ಕು ಚಮಚ ಸಕ್ಕರೆ, ಅಥವಾ ಒಂದು ದೊಡ್ಡ ಚಮಚ ತುಂಬ ಜೋನಿಬೆಲ್ಲ. ಹದಿನೈದು ನಿಮಿಷದ ನಂತರವೂ 70 ದಾಟದಿದ್ದರೆ ಅಷ್ಟನ್ನೇ ಮತ್ತೆ ಕೊಡಬೇಕು, ಸರಿಹೋದ ಮೇಲೆ ಊಟ. ಹೋಳಿಗೆ, ಚಾಕೊಲೇಟ್ ಈ ಹೊತ್ತಿಗೆ ಒದಗುವುದಿಲ್ಲ, ಅವುಗಳ ಜಿಡ್ಡು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ, ಬೆಲ್ಲವೂ ಬೇಗ ಫಲ ಕೊಡವು, ಏಕೆಂದರೆ ಅವನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನೇ ಆ ಔಷಧಿ ತಡೆಯುತ್ತದೆ. ಅವರಿಗೆ ಗ್ಲೂಕೋಸ್ ಪುಡಿಯೇ ಆಗಬೇಕು. ಮಳೆಗಾಲದ ತೇವಕ್ಕೆ ಆ ಪುಡಿ ಗಟ್ಟಿಕಟ್ಟುವುದರಿಂದ ಸಣ್ಣ ಪೊಟ್ಟಣಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ತೋಟಕ್ಕೆ ಹೋಗಬೇಕು.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಮನೆಯಲ್ಲಿ ಗ್ಲುಕಗಾನ್ ಇದ್ದು ಕೊಡಲು ಕಲಿತಿದ್ದರೆ ಕೊಡಬೇಕು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಗ್ಲೂಕೋಸ್ ಏರಿಸಿದ ಕೆಲವೇ ನಿಮಿಷಗಳಲ್ಲಿ ರೋಗಿ ಎದ್ದು ಕೂತು ಮನೆಗೆ ಹೊರಡೋಣ ಎನ್ನುವುದುಂಟು. ಸಲ್ಫೊನೈಲ್‌ಯೂರಿಯಾ ಮಾತ್ರೆಯಿಂದ ಸಕ್ಕರೆ ಇಳಿದಿದ್ದರೆ ಆ ಮಾತಿಗೆ ಒಪ್ಪಬಾರದು. ಮಾತ್ರೆಯ ಪ್ರಭಾವ ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇದ್ದು, ಸಕ್ಕರೆ ಮತ್ತೆ ಕುಸಿಯಬಹುದು. ಶಿವಮೊಗ್ಗದಿಂದ ತೀರ್ಥಹಳ್ಳಿಗೇ ಸುಮಾರು 60 ಕಿಲೋಮೀಟರ್, ಅಲ್ಲಿಂದ ಒಳಗಿನ ಹಳ್ಳಿಗೆ ಇನ್ನಷ್ಟು ದಾರಿ. ಆ ರಾತ್ರಿ ಆಸ್ಪತ್ರೆಯಲ್ಲೇ ಉಳಿದು, ಮರುದಿನ ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರೊಡನೆ ಮಾತಾಡಿಯೇ ಊರಿಗೆ ಹೊರಡಬೇಕು.