ಡಾಟ್ ಒತ್ತಿದರೆ ಈಕ್ವಲ್ಸ್, ಹ್ಯಾಶ್‌ಕೋಡ್ ಮಾತ್ರ ಕಾಣುವುದೇಕೆ?

ಪ್ರಶ್ನೆ: ಜಾವಾದಲ್ಲಿ ಹೆಸರುಗಳ ಲಿಸ್ಟನ್ನು ಉದ್ದದ ಪ್ರಕಾರ ಸಾರ್ಟ್ ಮಾಡಲು ಎರಡು ವಸ್ತುಗಳನ್ನು ಹೋಲಿಸಿ ಕ್ರಮ ಹೇಳುವ ಕಂಪ್ಯಾರೇಟರ್‌ನ ಕಂಪ್ಯಾರಿಂಗ್ ಮೆಥಡ್‌ಗೆ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಕೊಟ್ಟೆ. ಲ್ಯಾಂಬ್ಡಾದೊಳಗೆ ಡಾಟ್ ಒತ್ತಿದಾಗ ಲೆಂಗ್ತ್ ಸಲಹೆಯಾಗಿ ಬಂತು. ಇಳಿಕೆ ಕ್ರಮ ಬೇಕೆಂದು ಕೊನೆಯಲ್ಲಿ ರಿವರ್ಸ್ಡ್ ಸೇರಿಸಿದ ಮೇಲೆ ಅದೇ ಜಾಗದಲ್ಲಿ ಈಕ್ವಲ್ಸ್, ಹ್ಯಾಶ್‌ಕೋಡ್, ಟೂಸ್ಟ್ರಿಂಗ್‌ನಂಥವು ಮಾತ್ರ ಬರುತ್ತಿವೆ. ಎಡಿಟರ್ ಕೆಟ್ಟಿದೆಯೇ?

ಉತ್ತರ: ಎಡಿಟರ್ ಸರಿಯಾಗಿಯೇ ಇದೆ. ನೀವು ಹೆಸರಿಸಿದ ಮೂರೂ ಜಾವಾದ ಎಲ್ಲ ಕ್ಲಾಸುಗಳಿಗೂ ಮೂಲವಾದ ಆಬ್ಜೆಕ್ಟ್ ಕ್ಲಾಸಿನ ಮೆಥಡ್‌ಗಳು. ಡಾಟ್‌ನ ಎಡಗಡೆ ಇರುವುದು ಆಬ್ಜೆಕ್ಟ್ ಎಂದು ಎಡಿಟರ್ ಲೆಕ್ಕ ಹಾಕಿದೆ ಎಂಬುದನ್ನೇ ಅವು ಹೇಳುತ್ತಿವೆ. ಕಂಪೈಲರ್‌ನ ಲೆಕ್ಕವೂ ಅದೇ ಆದ್ದರಿಂದ, ಸಲಹೆಗೆ ಕಾಯದೆ ಲೆಂಗ್ತ್ ಎಂದು ನೀವೇ ಬರೆದರೂ ಅಂಥ ಮೆಥಡ್ ಇಲ್ಲವೆಂಬ ಎರರ್ ಬರುತ್ತದೆ.

ಕಂಪ್ಯಾರಿಂಗ್ ಒಂದು ಜೆನೆರಿಕ್ ಮೆಥಡ್, ಅಂದರೆ ಬೇರೆ ಬೇರೆ ಟೈಪ್‌ಗಳ ಜೊತೆ ಕೆಲಸ ಮಾಡಬಲ್ಲದ್ದು. ಹೋಲಿಸಬೇಕಾದ ವಸ್ತುವಿನ ಟೈಪ್ ಯಾವುದೆಂದು ಅದಕ್ಕೆ ಬೇರೆಲ್ಲಿಂದಲಾದರೂ ತಿಳಿಯಬೇಕು. ಪ್ಯಾರಾಮೀಟರ್‌ನ ಟೈಪ್ ಬರೆಯದ ಲ್ಯಾಂಬ್ಡಾದಿಂದ ಅದು ಸಿಗುವುದಿಲ್ಲ, ಏಕೆಂದರೆ ಲ್ಯಾಂಬ್ಡಾವೇ ಆ ಉತ್ತರಕ್ಕಾಗಿ ಕಾದು ಕುಳಿತಿರುತ್ತದೆ. ಕಂಪ್ಯಾರಿಂಗ್ ಅನ್ನು ನೇರವಾಗಿ ಸಾರ್ಟ್‌ಗೆ ಕೊಟ್ಟಾಗ, ಸ್ಟ್ರಿಂಗ್‌ಗಳನ್ನು (ಇಲ್ಲಿ ನಿಮ್ಮ ಹೆಸರುಗಳನ್ನು) ಹೋಲಿಸಬಲ್ಲ ಕಂಪ್ಯಾರೇಟರ್ ಬೇಕೆಂಬ ಸಾರ್ಟ್‌ನ ನಿರೀಕ್ಷೆ ಹೊರಗಿನಿಂದ ಒಳಕ್ಕೆ ಹರಿದು ಬಂದು ಲ್ಯಾಂಬ್ಡಾದ ಪ್ಯಾರಾಮೀಟರ್ ಸ್ಟ್ರಿಂಗ್ ಆಗುತ್ತದೆ. 2014ರಲ್ಲಿ ಜಾವಾ 8 ಲ್ಯಾಂಬ್ಡಾಗಳನ್ನು ತಂದಾಗ ರೂಪುಗೊಂಡ ಈ ನಿಯಮಕ್ಕೆ ಒಂದು ಮಿತಿಯಿದೆ: ಡಾಟ್‌ನ ಎಡಗಡೆಯ ಭಾಗಕ್ಕೆ ಹೊರಗಿನ ನಿರೀಕ್ಷೆ ತಲುಪುವುದಿಲ್ಲ. ರಿವರ್ಸ್ಡ್ ಸೇರಿಸಿದೊಡನೆ ಕಂಪ್ಯಾರಿಂಗ್ ಎಡಗಡೆಗೆ ಸರಿಯಿತು. ಸಾರ್ಟ್ ಈಗ ಮಾತಾಡುವುದು ರಿವರ್ಸ್ಡ್ ಜೊತೆಗೆ ಮಾತ್ರ. ಯಾವ ಸುಳಿವೂ ಸಿಗದ ಟೈಪ್ ಆಬ್ಜೆಕ್ಟ್‌ಗೆ ಇಳಿಯುತ್ತದೆ. ಲೆಂಗ್ತ್ ಬದಲು ಟೂಸ್ಟ್ರಿಂಗ್ ಬರೆದಿದ್ದರೆ ಇದೇ ಸಾಲು ತಕರಾರಿಲ್ಲದೆ ಕಂಪೈಲ್ ಆಗುತ್ತಿತ್ತು. ಆಬ್ಜೆಕ್ಟ್‌ಗಳನ್ನು ಹೋಲಿಸುವ ಕಂಪ್ಯಾರೇಟರ್ ಸ್ಟ್ರಿಂಗ್‌ಗಳಿಗೂ ಸಲ್ಲುವುದರಿಂದ ಸಾರ್ಟ್ ಅದನ್ನು ಒಪ್ಪುತ್ತದೆ.

ಪರಿಹಾರ ಚಿಕ್ಕದು. ಲ್ಯಾಂಬ್ಡಾದ ಪ್ಯಾರಾಮೀಟರ್‌ನ ಮುಂದೆ ಸ್ಟ್ರಿಂಗ್ ಎಂದು ಬರೆಯಿರಿ, ಇಲ್ಲವೇ ಲ್ಯಾಂಬ್ಡಾದ ಬದಲು ಸ್ಟ್ರಿಂಗ್‌ನ ಲೆಂಗ್ತ್‌ಗೆ ಮೆಥಡ್ ರೆಫರೆನ್ಸ್ (ಮೆಥಡ್ ಅನ್ನು ಹೆಸರಿನಿಂದಲೇ ಸೂಚಿಸುವ ಬರಹ, String::length) ಕೊಡಿ. ಓದಲು ಎರಡನೆಯದೇ ಹಿತವೆಂದು ನನ್ನ ಅನಿಸಿಕೆ.

2018ರ ಜಾವಾ 10ರಲ್ಲಿ ಬಂದ, ಟೈಪ್‌ನ ಬದಲು ಬರೆಯುವ ವಾರ್ (var) ಪದವನ್ನು ಎಡಗಡೆಗೂ, ಖಾಲಿ ಕೋನಾವರಣವಿರುವ (<>) ಅರೇಲಿಸ್ಟನ್ನು ಬಲಗಡೆಗೂ ಬರೆದಾಗಲೂ ಇದೇ ಅನುಭವವಾಗುತ್ತದೆ: ಎರಡೂ ಕಡೆ ಟೈಪ್ ಹೇಳದಿದ್ದರೆ ಅದು ಆಬ್ಜೆಕ್ಟ್‌ಗಳ ಲಿಸ್ಟ್ ಆಗುತ್ತದೆ. ನೀವೇ ಬರೆದ ಜೆನೆರಿಕ್ ಮೆಥಡ್‌ನಲ್ಲಿ ಟೈಪ್ ಪ್ಯಾರಾಮೀಟರ್‌ಗೆ (ಟೈಪ್‌ನ ಜಾಗದಲ್ಲಿ ನಿಲ್ಲುವ ಹೆಸರಿಗೆ) ಮಿತಿ ಹಾಕದಿದ್ದರೆ ಕಾಣುವುದೂ ಅದೇ ಪಟ್ಟಿ. ಕಂಪೇರಬಲ್ ಎಂಬ ಮಿತಿ ಹಾಕಿ ನೋಡಿ, ಕಂಪೇರ್‌ಟು ತಾನಾಗಿ ಪಟ್ಟಿಗೆ ಸೇರುತ್ತದೆ.

ಇನ್ನು ಮುಂದೆ ಸಲಹೆಗಳ ಪಟ್ಟಿ ಹೀಗೆ ಬಡವಾಗಿ ಕಂಡಾಗ, ಎಡಿಟರನ್ನು ರೀಸ್ಟಾರ್ಟ್ ಮಾಡುವ ಮೊದಲು ವೇರಿಯಬಲ್‌ನ ಮೇಲೆ ಮೌಸ್ ಇಟ್ಟು, ಅಲ್ಲಿ ತೋರುವ ಟೈಪ್ ಯಾವುದೆಂದು ಓದಿಕೊಳ್ಳಿ.